ಯೂನಿಟ್ ಅಂದ್ರೆ ಎಷ್ಟು ಕರೆಂಟು?

ಗೃಹಜ್ಯೋತಿ ಬಂದ್ಮೇಲೆ ನಮ್ಮ ಶಿವಮೊಗ್ಗ ಕಡೆ ಎಲ್ಲರ ಬಾಯಲ್ಲೂ ಯೂನಿಟ್ಟಿನ ಮಾತೇ, ನಿಮ್ಮನೇದು ಈ ತಿಂಗಳು ಎಷ್ಟು ಬಂತು, ನಮ್ದು 140 ದಾಟ್ತು ಅಂತ. ಆದ್ರೆ ಆ ಯೂನಿಟ್ ಅಂದ್ರೆ ಏನು ಅಂತ ಕೇಳಿದ್ರೆ ಸರಿಯಾಗಿ ಹೇಳೋರು ಕಮ್ಮಿ. ಇದು ಗೊತ್ತಿಲ್ದೇ ಬಿಲ್ ಇಳಿಸೋಕೆ ಹೊರಟ್ರೆ ಮೊಬೈಲ್ ಚಾರ್ಜರ್ ಕೀಳೋದು, ಬಲ್ಬ್ ಆರಿಸೋದು ಇಷ್ಟರಲ್ಲೇ ಮುಗೀತದೆ, ಬಚ್ಚಲಲ್ಲಿ ಗೀಸರ್ ಮಾತ್ರ ಅದರ ಪಾಡಿಗೆ ಓಡ್ತಾ ಇರ್ತದೆ.

ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡಿದ್ರೆ ಎಷ್ಟು ಕರೆಂಟ್ ಖರ್ಚಾಗ್ತದೋ ಅದು ಒಂದು ಯೂನಿಟ್. ಪಾಠದಲ್ಲಿ ಕಿಲೋವ್ಯಾಟ್ ಅವರ್ ಅಂತ ಓದಿದ್ದು ಇದನ್ನೇ. ವ್ಯಾಟ್ ಅನ್ನೋದು ಆ ಸಾಮಾನು ಎಷ್ಟು ಜೋರಾಗಿ ಕರೆಂಟ್ ಎಳೀತದೆ ಅಂತಷ್ಟೇ ಹೇಳ್ತದೆ, ಎಷ್ಟು ಹೊತ್ತು ಎಳೀತು ಅನ್ನೋದೂ ಸೇರಿದ್ರೇ ಯೂನಿಟ್ ಆಗೋದು. ವ್ಯಾಟನ್ನ ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಮುಗೀತು. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತಿಂದು ಮುಗಿಸ್ತದೆ, ಅದೇ ಒಂದು ಯೂನಿಟ್ಟಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಗಲೂ ರಾತ್ರಿ ಬಿಡದೆ ನಾಲ್ಕೂವರೆ ದಿನ ಉರೀತದೆ.

ನಮ್ಮ ಜಿಲ್ಲೆಯವ್ರಿಗೆ ಇದನ್ನ ಇನ್ನೊಂದು ರೀತೀಲೂ ಹೇಳಬಹುದು, ನನಗಂತೂ ಇದು ಗೊತ್ತಾದ್ಮೇಲೆ ಯೂನಿಟ್ ಅನ್ನೋದರ ಮೇಲೆ ಗೌರವವೇ ಬಂತು. ಲಿಂಗನಮಕ್ಕಿ ನೀರು ತಳಕಳಲೆ ಡ್ಯಾಮಿಗೆ ಬಂದು ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳೀತದಲ್ಲ, 1035 ಮೆಗಾವ್ಯಾಟಿನದ್ದು, ಆ ಇಳಿಜಾರು ನಾನೂರು ಮೀಟರಿಗಿಂತ ಜಾಸ್ತಿ. ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಇಳಿದು ಟರ್ಬೈನ್ ತಿರುಗಿಸಿದ್ರೆ ಹುಟ್ಟೋದು ಸುಮಾರು ಒಂದೇ ಒಂದು ಯೂನಿಟ್. ತಾರಸಿ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ತುಂಬ ನೀರು ನಾನೂರು ಮೀಟರ್ ಕೆಳಗೆ ಸುರಿದಂಗೆ! ಆ ನೀರು ನಿಲ್ಸೋಕೆ ಎಷ್ಟು ಊರು ಮುಳುಗಿದಾವೆ, ಎಷ್ಟು ಜನ ಮನೆ ತೋಟ ಬಿಟ್ಟು ಎದ್ದು ಬಂದಿದಾರೆ ಅಂತ ಸಾಗರ, ಹೊಸನಗರ ಕಡೆಯವ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮ್ನೆ ಉರಿಯೋ ಒಂದು ಯೂನಿಟ್ಟನ್ನೂ ಚಿಕ್ಕದು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಮಲೆನಾಡಿನ ಮನೇಲಿ ಯೂನಿಟ್ ಜಾಸ್ತಿ ಹೋಗೋದು ಬಿಸಿನೀರಿಗೆ. ಹಳ್ಳಿ ಮನೇಲಿ ಬಚ್ಚಲ ಒಲೆ, ಹಂಡೆ ಇದೆ, ಅಡಿಕೆ ಸಿಪ್ಪೆ ಹಾಕಿದ್ರೆ ನೀರು ಕಾಯ್ತದೆ, ಅಲ್ಲಿ ಮೀಟರಿಗೆ ಕೆಲಸ ಇಲ್ಲ. ಪೇಟೆ ಮನೇಲಿ ಹಂಗಾಗಲ್ಲ. 15 ಲೀಟರ್ ನೀರನ್ನ 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸೋಕೆ ಏನಿಲ್ಲಾಂದ್ರೂ 0.6 ಯೂನಿಟ್ ಬೇಕು, ಯಾವ ಕಂಪನಿ ಗೀಸರ್ ತಂದ್ರೂ ಇದು ತಪ್ಪಲ್ಲ, ದಿನಕ್ಕೆ ಮೂರು ಸಲ ಕಾಯಿಸಿದ್ರೆ ತಿಂಗಳಿಗೆ ಸುಮಾರು 55 ಯೂನಿಟ್ ಅಲ್ಲೇ ಆಯ್ತು. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ, ಸ್ಟೋರೇಜ್ ಗೀಸರ್ ಮೇಲಿನ ಸ್ಟಾರ್ ಹೇಳೋದು ಕಾದ ನೀರಿನ ಬಿಸಿ ಸುಮ್ನೆ ಎಷ್ಟು ಸೋರಿ ಹೋಗ್ತದೆ ಅನ್ನೋದನ್ನ, ಕಮ್ಮಿ ಕರೆಂಟಲ್ಲಿ ನೀರು ಕಾಯಿಸ್ತದೆ ಅಂತಲ್ಲ. ದಿನವಿಡೀ ಸ್ವಿಚ್ ಹಾಕೇ ಇಡೋ ಮನೆಗೆ 5 ಸ್ಟಾರ್ ತಂದ್ರೆ ಉಪಯೋಗ ಆಗ್ತದೆ, ಸ್ನಾನಕ್ಕೆ ಮುಂಚೆ ಹಾಕಿ ಕಾದ ಕೂಡ್ಲೇ ಆರಿಸೋರಿಗೆ ಅದ್ರಿಂದ ದೊಡ್ಡ ಫರಕ್ ಇಲ್ಲ. ಇನ್ನು ಸೋಲಾರ್ ಹಾಕಿಸಿದೋರು, ಆರಿದ್ರೆ ಮಳೆ ಹಿಡೀತು ಅಂದ್ರೆ ವಾರಗಟ್ಲೆ ಬಿಸಿಲಿರಲ್ಲ, ಆಗ ಬ್ಯಾಕಪ್ ಕಾಯಿಲ್ ಆನ್ ಮಾಡಿರ್ತಾರೆ, ಮಳೆ ಹೊಳವಾದ್ಮೇಲೂ ಅದನ್ನ ಆರಿಸೋದು ಮರೆತುಹೋಗಿರ್ತದೆ. ಬಿಸಿಲಿಗೆ ಪುಕ್ಕಟೆ ಕಾಯೋ ನೀರನ್ನ ಕರೆಂಟು ಮೊದಲೇ ಕಾಯಿಸಿಟ್ಟಿರ್ತದೆ.

ಎರಡನೇದು ಫ್ಯಾನು. ಹಳೇ ಫ್ಯಾನ್ 75 ವ್ಯಾಟ್, ದಿನಕ್ಕೆ ಹತ್ತು ಗಂಟೆ ಅಂದ್ರೆ ತಿಂಗಳಿಗೆ 22.5 ಯೂನಿಟ್, ಬಿಎಲ್‌ಡಿಸಿ ಅಂತ ಬರೋ ಹೊಸ ಥರದ ಮೋಟರಿನ ಫ್ಯಾನ್ 30 ವ್ಯಾಟ್ ಆಸುಪಾಸು, ಅದೇ ಗಾಳಿಗೆ 9 ಯೂನಿಟ್. ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೂ ನಮ್ಮಲ್ಲಿ ಫ್ಯಾನೇ ಗತಿ, ಹಂಗಾಗಿ ಬದಲಾಯಿಸೋದಾದ್ರೆ ಜಾಸ್ತಿ ಹೊತ್ತು ತಿರುಗೋ ಫ್ಯಾನನ್ನೇ ಮೊದಲು ಬದಲಾಯಿಸಿ. ಹೆಂಚಿನ ಮನೆ ಒಳಗೆ ಹಗಲಲ್ಲೇ ಲೈಟ್ ಬೇಕಾಗ್ತದೆ ಅನ್ನೋರು ಅಡಿಗೆ ಮನೆ, ನಡುಮನೆಗೆ ಎರಡೆರಡು ಗಾಜಿನ ಹೆಂಚು ಹಾಕ್ಸಿದ್ರೆ ಆ ಲೈಟೇ ಬೇಡ.

ಟಿವಿ ಆರಿಸಿದ್ರೂ ಸೆಟ್‌ಟಾಪ್ ಬಾಕ್ಸ್ ಆನ್ ಇರ್ತದಲ್ಲ, ಅದು 10 ವ್ಯಾಟ್ ಎಳೀತಾ ಇದ್ರೆ ತಿಂಗಳಿಗೆ 7 ಯೂನಿಟ್ ಮೇಲಾಯ್ತು. ಏಳೇ ತಾನೇ ಅನಿಸ್ತದೆ, ಆದ್ರೆ ಗೃಹಜ್ಯೋತೀಲಿ 200 ದಾಟಿದ್ರೆ ಮೇಲಿನದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು, 205 ಬಂದ ಮನೆಗೆ ಆ ಏಳೇ ಯೂನಿಟ್ ಎಷ್ಟು ದುಬಾರಿ ನೋಡಿ. 200ರ ಒಳಗಿದ್ರೂ ಎಲ್ಲಾ ಪುಕ್ಕಟೆ ಅಲ್ಲ, 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ ನಿಮ್ಮ ಮನೆಗೆ ಒಂದು ಮಿತಿ ಹಾಕಿರ್ತಾರೆ, ಅದರ ಮೇಲಿನ ಯೂನಿಟ್ಟಿಗೆ ದುಡ್ಡು. ಕೆಲವು ಮನೆಗೆ ಬೇರೆ ಲೆಕ್ಕ ಇದೆ, ಮೆಸ್ಕಾಂ ಬಿಲ್ಲಲ್ಲಿ ನಿಮ್ದು ಎಷ್ಟು ಅಂತ ನೋಡ್ಕೊಳ್ಳಿ.

ಯಾವ ಸಾಮಾನು ಎಷ್ಟು ತಿಂತದೆ ಅಂತ ಊಹೆ ಮಾಡೋ ಬದಲು ಮೀಟರನ್ನೇ ಕೇಳಬಹುದು. ಡಿಜಿಟಲ್ ಮೀಟರಲ್ಲಿ ಸಣ್ಣ ಕೆಂಪು ಲೈಟ್ ಮಿನುಗ್ತಾ ಇರ್ತದೆ, ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರ್ತದೆ, ಅಷ್ಟು ಸಲ ಮಿನುಗಿದ್ರೆ ಒಂದು ಯೂನಿಟ್ ಅಂತ ಅರ್ಥ. 3200ರ ಮೀಟರಾದ್ರೆ ಒಂದು ನಿಮಿಷಕ್ಕೆ ಎಷ್ಟು ಸಲ ಮಿನುಗ್ತು ಅಂತ ಎಣಿಸಿ 18.75ರಿಂದ ಗುಣಿಸಿ, ಆ ಹೊತ್ತಲ್ಲಿ ಮನೆ ಎಷ್ಟು ವ್ಯಾಟ್ ಎಳೀತಿದೆ ಅಂತ ಸಿಗ್ತದೆ, 1600 ಇದ್ರೆ ಅದರ ಡಬಲ್, 37.5. ಮೊದಲು ಎಲ್ಲಾ ಸ್ವಿಚ್ ಆರಿಸಿ, ಫ್ರಿಜ್, ಇನ್ವರ್ಟರ್ ಪ್ಲಗ್ ಕೂಡ ಕಿತ್ತು ನೋಡಿ, ಆಗ ಮಿನುಗೋದು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ವೈರಿಂಗಲ್ಲಿ ಎಲ್ಲೋ ಲೀಕೇಜ್ ಇರಬಹುದು, ಥಂಡಿ ಹಿಡಿದ ಗೋಡೆ ಇರೋ ಮನೇಲಿ ಇದನ್ನ ಹಗುರವಾಗಿ ತಗೋಬೇಡಿ, ಎಲೆಕ್ಟ್ರಿಷಿಯನ್ನನ್ನ ಕರೆಸಿ. ನಿಂತ್ರೆ ಒಂದೊಂದೇ ಸಾಮಾನು ಹಾಕ್ತಾ ಎಣಿಸ್ತಾ ಹೋಗಿ.