ಡಿಸೋಸಿಯೇಟಿವ್: ಕಣ್ಣು ನೋಡುತ್ತದೆ, ‘ನನಗೆ’ ಕಾಣುವುದಿಲ್ಲ

ಅಕ್ಕನ ಮಗ ಸೀಬೆ ಮರದಿಂದ ಬಿದ್ದು ಮುಂಗೈ ಮುರಿದುಕೊಂಡಾಗ ಅವನಿಗೆ ಒಂಬತ್ತು ವರ್ಷ. ಮೂಳೆ ಕೂರಿಸುವ ಮುಂಚೆ ಡಾಕ್ಟರು ರಕ್ತನಾಳಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ನಿಮಿಷದೊಳಗೆ ಹುಡುಗ ಸುಮ್ಮನಾದ, ಆದರೆ ಕಣ್ಣು ಮುಚ್ಚಲಿಲ್ಲ. ರೆಪ್ಪೆ ತೆರೆದೇ ಇತ್ತು, ಪಾಪೆ ಎಡಕ್ಕೂ ಬಲಕ್ಕೂ ತೊಯ್ದಾಡುತ್ತಿತ್ತು.

“ಡಾಕ್ಟ್ರೇ, ಇವ್ನು ನೋಡ್ತಾ ಇದಾನಲ್ಲ! ಎಚ್ಚರ ಇದ್ರೆ ನೋವಾಗಲ್ವಾ?” ಅಕ್ಕನಿಗೆ ಗಾಬರಿ.

“ನೋಡ್ತಿದಾನಮ್ಮ. ಆದ್ರೆ ಅವನಿಗೇನೂ ಕಾಣ್ತಿಲ್ಲ,” ಎಂದರು ಡಾಕ್ಟರು, ಕೈ ಎಳೆಯುತ್ತಲೇ.

ಎಚ್ಚರವಾಗುತ್ತಾ ಬಂದಾಗ ಅವನ ಮೊದಲ ಮಾತು, “ಮಾಮಾ, ನಿಂಗೆ ಎರಡು ತಲೆ.” ಆಮೇಲೆ, “ಯಾಕೆ ಅಷ್ಟು ದೂರ ನಿಂತಿದೀಯ?” ನಾನು ಮಂಚಕ್ಕೆ ಅಂಟಿಕೊಂಡೇ ನಿಂತಿದ್ದೆ.

ಆ ಔಷಧಿ ಕೆಟಮಿನ್. ಅದು ಸೇರಿದ ಗುಂಪಿಗೆ ಡಿಸೋಸಿಯೇಟಿವ್ ಎಂದು ಹೆಸರು. ಪಿಸಿಪಿ ಎಂದು ಕರೆಯುವ ಫೆನ್‌ಸೈಕ್ಲಿಡಿನ್, ಹಲ್ಲಿನ ಡಾಕ್ಟರು ಮೂಗಿಗೆ ಹಿಡಿಸುವ ನೈಟ್ರಸ್ ಆಕ್ಸೈಡ್, ಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್‌ಟ್ರೋಮೆಥಾರ್ಫನ್ ಹೆಚ್ಚಿನ ಪ್ರಮಾಣದಲ್ಲಿ ಒಳಗೆ ಹೋದಾಗ, ಇವೂ ಅದೇ ಗುಂಪು. ಪದದ ನೇರ ಅರ್ಥ ಬೇರ್ಪಡಿಸುವಂಥದ್ದು, ನಂಟು ಕಡಿಯುವಂಥದ್ದು. ನಿಘಂಟಿನ ‘ವಿಯೋಜಕ’ ತಪ್ಪಲ್ಲ, ಆದರೆ ಕೇಳಿದರೆ ಉಪ್ಪು ನೀರಿನಲ್ಲಿ ಅಯಾನುಗಳಾಗಿ ಒಡೆಯುವ ಪಾಠ ನೆನಪಾಗುತ್ತದೆ. ಇಲ್ಲಿ ಕಡಿಯುವುದು ಯಾವ ಎರಡರ ನಡುವಿನ ನಂಟು ಎಂಬುದನ್ನು ಹೇಳಲು ನಮ್ಮ ವ್ಯಾಕರಣವೇ ಸಾಕು.

ಕನ್ನಡದಲ್ಲಿ ‘ನೋಡು’ ಬೇರೆ, ‘ಕಾಣು’ ಬೇರೆ. ನಾನು ನೋಡುತ್ತೇನೆ, ನನಗೆ ಕಾಣುತ್ತದೆ. ನೋಡುವುದು ನಾನು ಮಾಡುವ ಕೆಲಸ. ಕಾಣುವುದು ನನಗೆ ಆಗುವ ಸಂಗತಿ. ‘ನೋಡಿದೆ, ಆದರೆ ಕಾಣಲಿಲ್ಲ’ ಎಂದು ದಿನಾ ಹೇಳುತ್ತೇವೆ. ಡಿಸೋಸಿಯೇಟಿವ್ ಔಷಧಿ ಕತ್ತರಿ ಆಡಿಸುವುದು ಈ ಎರಡರ ನಡುವೆ. ಮೊದಲು ‘ಕಾಣು’ ಸಡಿಲವಾಗುತ್ತದೆ, ಪ್ರಮಾಣ ಏರಿದರೆ ಕೊನೆಗೆ ಆ ‘ನನಗೆ’ಯೇ ಕಳಚಿಕೊಳ್ಳುತ್ತದೆ.

ಪದ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಗಂಡ ಹೆಂಡತಿಯ ಮಾತುಕತೆಯಲ್ಲಿ. ಅಮೆರಿಕದ ಪಾರ್ಕ್ ಡೇವಿಸ್ ಕಂಪನಿ 1950ರ ದಶಕದಲ್ಲಿ ಪಿಸಿಪಿಯನ್ನು ಅರಿವಳಿಕೆಯಾಗಿ ಪರೀಕ್ಷಿಸಿತ್ತು. ನೋವು ಚೆನ್ನಾಗಿ ಹೋಗುತ್ತಿತ್ತು, ಆದರೆ ಎಚ್ಚರವಾಗುವಾಗ ಹಲವರು ಗಂಟೆಗಟ್ಟಲೆ ಭ್ರಮೆಯಲ್ಲಿ ಕೂಗಾಡುತ್ತಿದ್ದರು. ಅಷ್ಟು ಹೊತ್ತು ಉಳಿಯದ ಸೋದರ ರಾಸಾಯನಿಕ ಬೇಕಿತ್ತು. ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಕೆಟಮಿನ್ ತಯಾರಿಸಿದರು. 1964ರ ಆಗಸ್ಟಿನಲ್ಲಿ ಔಷಧಶಾಸ್ತ್ರಜ್ಞ ಎಡ್ವರ್ಡ್ ಡೊಮಿನೊ ಮತ್ತು ಅರಿವಳಿಕೆ ವೈದ್ಯ ಗುಂಟರ್ ಕಾರ್ಸೆನ್ ಮಿಷಿಗನ್ ರಾಜ್ಯದ ಜೈಲಿನ ಕೈದಿಗಳ ಮೇಲೆ ಅದನ್ನು ಮೊದಲ ಬಾರಿಗೆ ಪ್ರಯೋಗಿಸಿದರು. (ಸ್ವಯಂಸೇವಕರು ಎಂದೇ ದಾಖಲೆ, ಜೈಲಿನೊಳಗೆ ಆ ಪದಕ್ಕೆ ಎಷ್ಟು ತೂಕ ಎಂಬುದು ಬೇರೆ ಪ್ರಶ್ನೆ.) ಆಕಾಶದಲ್ಲಿ ತೇಲಿದಂತಾಯಿತು, ಕೈಕಾಲು ಇದ್ದುದೇ ತಿಳಿಯಲಿಲ್ಲ ಎಂದು ಅವರು ಹೇಳಿದರು. ಮನೆಯಲ್ಲಿ ಡೊಮಿನೊ ಇದನ್ನು ವಿವರಿಸಿ, ಇವರು ಸುತ್ತಲಿನದರಿಂದ ಕಡಿದುಕೊಂಡ ಹಾಗಿರುತ್ತಾರೆ ಎಂದಾಗ ಹೆಂಡತಿ ಟೋನಿ ಸೂಚಿಸಿದ ಹೆಸರೇ ‘ಡಿಸೋಸಿಯೇಟಿವ್ ಅನಸ್ತೀಸಿಯಾ’. ಮನಸ್ಸಿನ ಭಾಗಗಳು ಒಂದರಿಂದೊಂದು ಬೇರೆಯಾಗುವುದಕ್ಕೆ ಮನೋವೈದ್ಯರು ‘ಡಿಸೋಸಿಯೇಷನ್’ ಎನ್ನುವುದು ಆಗಲೇ ಹಳೆಯದಾಗಿತ್ತು. ಇವರು ಅದನ್ನು ಅರಿವಳಿಕೆಗೆ ತಂದರು, ಅಷ್ಟೆ.

ಇನ್ನು ಕಣ್ಣಿನ ವಿಷಯ.

ಎಲ್‌ಎಸ್‌ಡಿಯಂಥ ಮಾದಕಗಳ ಜತೆ ಡಿಸೋಸಿಯೇಟಿವ್‌ಗಳನ್ನೂ ಒಂದೇ ಚೀಲಕ್ಕೆ ಹಾಕಿ ‘ಭ್ರಮೆ ಬರಿಸುವ ಡ್ರಗ್ಸ್’ ಎಂದು ಬರೆಯುವುದು ಪತ್ರಿಕೆಗಳ ಅಭ್ಯಾಸ. ನೋಟದ ಮಟ್ಟಿಗೆ ಇವು ಬಹುಪಾಲು ಎದುರುಬದುರು. ಎಲ್‌ಎಸ್‌ಡಿಯಲ್ಲಿ ಇರುವುದಕ್ಕೆ ಮತ್ತಷ್ಟು ಸೇರುತ್ತದೆ: ಬಣ್ಣ ಗಾಢವಾಗುತ್ತದೆ, ಗೋಡೆ ಉಸಿರಾಡುತ್ತದೆ, ನೆಲದ ಮೇಲೆ ರಂಗೋಲಿ ಹರಿದಾಡುತ್ತದೆ. ಡಿಸೋಸಿಯೇಟಿವ್‌ನಲ್ಲಿ ಇರುವುದೇ ಒಂದೊಂದಾಗಿ ಕಳೆಯುತ್ತಾ ಹೋಗುತ್ತದೆ.

ಮೊದಲು ಕೆಡುವುದು ಕಣ್ಣಿನ ಚಲನೆ. ಹುಡುಗನ ಪಾಪೆ ತೊಯ್ದಾಡುತ್ತಿತ್ತಲ್ಲ, ಅದಕ್ಕೆ ನಿಸ್ಟಾಗ್ಮಸ್ ಎನ್ನುತ್ತಾರೆ. ಕಣ್ಣು ಒಂದು ಕಡೆ ನಿಧಾನ ಜಾರಿ, ತಟ್ಟನೆ ವಾಪಸ್ ಜಿಗಿಯುತ್ತದೆ. ಪಿಸಿಪಿಯಲ್ಲಿ ಮೇಲೆ ಕೆಳಗೆ, ವೃತ್ತಾಕಾರವಾಗಿ ಕೂಡ ಆಡುವುದುಂಟು. ಒಳಗಿರುವವನಿಗೆ ಅಕ್ಷರ ಸಾಲಿನಿಂದ ಜಾರುತ್ತದೆ, ಗಡಿಯಾರದ ಮುಳ್ಳು ನಿಲ್ಲುವುದಿಲ್ಲ. ಚಲಿಸುವ ವಸ್ತುವನ್ನು ಕಣ್ಣು ನುಣುಪಾಗಿ ಹಿಂಬಾಲಿಸಲಾರದು. ಹಾದು ಹೋದ ನರ್ಸು ನಾಲ್ಕಾರು ಬಿಡಿ ಫೋಟೊಗಳಾಗಿ ಹೋದಂತೆ ಕಾಣಬಹುದು. ಎರಡು ಕಣ್ಣೂ ಒಂದೇ ಬಿಂದುವಿಗೆ ಕೂಡದಿದ್ದಾಗ ಎಲ್ಲವೂ ಎರಡೆರಡು. ಒಂದು ಕಣ್ಣು ಮುಚ್ಚಿದ್ದರೆ ನನ್ನ ಎರಡನೇ ತಲೆ ಮಾಯವಾಗುತ್ತಿತ್ತೇನೋ, ಆಗ ಹೊಳೆಯಲಿಲ್ಲ.

ಆಮೇಲೆ ಕೆಡುವುದು ಅಳತೆ. ಕೋಣೆ ಉದ್ದವಾಗುತ್ತದೆ, ಪಕ್ಕದಲ್ಲಿರುವವರು ದೂರವಾಗುತ್ತಾರೆ, ಸ್ವಂತ ಅಂಗೈ ಹಿಗ್ಗಿದಂತೆಯೋ ಕುಗ್ಗಿದಂತೆಯೋ ಇರುತ್ತದೆ. ಆಳ ಹೋಗಿ ಎದುರಿನದೆಲ್ಲ ನಾಟಕದ ಪರದೆಯ ಹಾಗೆ ಚಪ್ಪಟೆ. ಇಂಥ ಸ್ಥಿತಿಯನ್ನು ಅಳೆಯಲು ವೈದ್ಯರು ಬಳಸುವ ಒಂದು ಪ್ರಶ್ನಾವಳಿ ಇದೆ. ಸುರಂಗದೊಳಗಿಂದ ನೋಡಿದ ಹಾಗಿದೆಯೇ? ಬಣ್ಣಗಳು ಮಂಕಾಗಿವೆಯೇ? ಎಲ್ಲ ನಿಧಾನಗತಿಯಲ್ಲಿ ನಡೆಯುತ್ತಿದೆಯೇ? ಸುತ್ತಲಿನ ಜನ ಜೀವವಿಲ್ಲದ ಯಂತ್ರಗಳಂತೆ ಕಾಣುತ್ತಿದ್ದಾರೆಯೇ? ಈ ಕೊನೆಯದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಮುಖ ಕಾಣುತ್ತದೆ, ಗುರುತೂ ಸಿಗುತ್ತದೆ, ಆದರೆ ‘ನನ್ನ ಅಮ್ಮ’ ಎಂಬ ಬಿಸುಪು ಮಾತ್ರ ಬಾರದು.

ಅರಿವಳಿಕೆಯ ಪ್ರಮಾಣಕ್ಕೆ ಹೋದರೆ ಹೊರಗಿನ ನೋಟವೇ ನಿಂತುಹೋಗುತ್ತದೆ, ತೆರೆದ ಕಣ್ಣಿಗೆ ಬೆಳಕು ಬೀಳುತ್ತಿದ್ದರೂ, ಬೆಳಕಿಗೆ ಪಾಪೆ ಕುಗ್ಗುತ್ತಿದ್ದರೂ. ಆ ಖಾಲಿ ಜಾಗದಲ್ಲಿ ಕೆಲವರಿಗೆ ಕತ್ತಲು, ಕೆಲವರಿಗೆ ಸುರಂಗ, ಕೆಲವರಿಗೆ ಛಾವಣಿಯ ಹತ್ತಿರ ತೇಲುತ್ತಾ ಕೆಳಗೆ ಮಲಗಿದ ತಮ್ಮದೇ ದೇಹವನ್ನು ನೋಡಿದ ಅನುಭವ. ನಶೆಗಾಗಿ ತೆಗೆದುಕೊಳ್ಳುವವರ ಭಾಷೆಯಲ್ಲಿ ಈ ಆಳಕ್ಕೆ ‘ಕೆ-ಹೋಲ್’ ಎಂದು ಹೆಸರು. ಎಚ್ಚರವಾಗುವಾಗಿನ ಭಯಂಕರ ಕನಸುಗಳು ಮಕ್ಕಳಿಗಿಂತ ದೊಡ್ಡವರಲ್ಲೇ ಹೆಚ್ಚು. ಅದನ್ನು ತಗ್ಗಿಸಲು ಮಿಡಾಜೊಲಮ್ ಎಂಬ ಶಮನಕಾರಿ ಔಷಧಿಯನ್ನು ಜತೆಗೆ ಕೊಡುವ ರೂಢಿ ಇದೆ.

ಕಣ್ಣು ಸರಿಯಿದ್ದೂ ಹೀಗೇಕೆ? ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಲ್ಲಿ ಒಂದು ಬಗೆ ಎನ್‌ಎಂಡಿಎ. ಕೆಟಮಿನ್, ಪಿಸಿಪಿ ಈ ಬಾಗಿಲಿಗೆ ಅಡ್ಡ ಕೂರುತ್ತವೆ ಎಂಬುದು 1980ರ ದಶಕದ ಆರಂಭದಲ್ಲಿ ಡೇವಿಡ್ ಲಾಡ್ಜ್ ಮತ್ತು ಸಂಗಡಿಗರಿಂದ ಗೊತ್ತಾಯಿತು. ನೋಟದ ಸುದ್ದಿ ಕಣ್ಣಿನಿಂದ ತಲೆಯ ಹಿಂಭಾಗಕ್ಕೆ ಹೋಗಿ ಅಲ್ಲಿಂದ ಮುಂದೆ ಸಾಗುವುದು ಒಂದು ದಾರಿ. ಮುಂದಿನ ಭಾಗಗಳು ‘ಇದು ಮುಖ, ಅದು ಹಿಂದಿನ ಗೋಡೆ’ ಎಂದು ಹಿಂದಕ್ಕೆ ತಿಳಿಸುವ ಮರುದಾರಿಯೂ ಇದೆ. ನೆದರ್‌ಲೆಂಡ್ಸಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ತುಂಬ ಹತ್ತಿರದ್ದು. ಕೋತಿಗಳ ಮೆದುಳಿನ ಹಿಂಭಾಗದಲ್ಲಿ ನೋಟದ ಸುದ್ದಿ ಮೊದಲು ಮುಟ್ಟುವ ಜಾಗದಲ್ಲಿ ಎನ್‌ಎಂಡಿಎ ಬಾಗಿಲು ತಡೆದಾಗ ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವ ಸಂಕೇತ ಕುಗ್ಗಿತು. ಒಳಬರುವ ಸುದ್ದಿಯ ದಾರಿ ಮುಖ್ಯವಾಗಿ ನೆಚ್ಚಿಕೊಂಡಿದ್ದು ಬೇರೆ ಬಗೆಯ ಬಾಗಿಲನ್ನು. ಎಂದರೆ ಟಪಾಲು ಬರುತ್ತಿದೆ, ಓದಿ ಹೇಳುವವರಿಲ್ಲ. ಇಡೀ ಅನುಭವವನ್ನು ಇದೊಂದರಿಂದಲೇ ವಿವರಿಸಲಾಗದು. ಆದರೂ ಆ ಚಪ್ಪಟೆ ಪರದೆಯಂಥ ನೋಟಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ವಿಚಿತ್ರಗಳಿದ್ದರೂ ಕೆಟಮಿನ್ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ಉಸಿರಾಟವನ್ನೂ ರಕ್ತದೊತ್ತಡವನ್ನೂ ಸಾಮಾನ್ಯವಾಗಿ ಕುಸಿಯಲು ಬಿಡದಿರುವುದೇ ಕಾರಣ. 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಸಿಕ್ಕಿಬಿದ್ದ ಹುಡುಗರನ್ನು ನೀರಿನಡಿಯಿಂದ ಸಾಗಿಸುವ ಮುಂಚೆ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಕೊಟ್ಟಿದ್ದೂ ಇದನ್ನೇ. 2019ರಿಂದ ಅಮೆರಿಕದಲ್ಲಿ ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಇದರ ಹತ್ತಿರದ ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇ ಇದೆ. ಸ್ಪ್ರೇ ಹಾಕಿದ ಮೇಲೆ ಕನಿಷ್ಠ ಎರಡು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳುತ್ತಾರೆ, ಆ ದಿನ ಗಾಡಿ ಓಡಿಸುವಂತಿಲ್ಲ. ನಮ್ಮಲ್ಲಿ ಕೆಟಮಿನ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ. ಚಟವಾದರೆ ಮೂತ್ರಕೋಶವೇ ಹಾಳಾಗಿ ಹತ್ತು ನಿಮಿಷಕ್ಕೊಮ್ಮೆ ರಕ್ತ ಬೆರೆತ ಮೂತ್ರಕ್ಕೆ ಓಡುವ ಪಾಡು. ಆಕಾಶದಲ್ಲಿ ತೇಲಿದ ಕಥೆ ಹೇಳುವವರು ಇದನ್ನು ಹೇಳುವುದಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಎರಡು ದಿನಕ್ಕೆ ಹುಡುಗನನ್ನು ಕೇಳಿದೆ, ಅಲ್ಲಿ ಏನು ಕಂಡಿತೋ ಎಂದು.

“ಮೇಲೆ ಫ್ಯಾನ್ ಇತ್ತು. ಆದ್ರೆ ನಾನಿರ್ಲಿಲ್ಲ.”

“ನೀನಿಲ್ದಿದ್ರೆ ಫ್ಯಾನ್ ನೋಡಿದ್ದು ಯಾರು?”

ಸ್ವಲ್ಪ ಯೋಚಿಸಿ, “ಗೊತ್ತಿಲ್ಲ ಮಾಮಾ,” ಎಂದು ಎಡಗೈಯಲ್ಲಿ ಚಕ್ಕುಲಿ ಮುರಿಯಲು ಹೆಣಗಾಡಿದ.