ಬೆಲ್‌ ಹಾಡಿಗೆ ಬಿದ್ದ ಕತ್ತರಿ

ಡಿಸೆಂಬರ್ ಬಂತೆಂದರೆ ‘ಎ ಕ್ರಿಸ್‌ಮಸ್ ಕ್ಯಾರಲ್’ ಕತೆಯ ಯಾವ ಸಿನಿಮಾ ಚೆಂದ ಎಂಬ ಜಗಳ ಶುರುವಾಗುತ್ತದೆ. ಈಚೆಗೆ ಅದಕ್ಕೆ ಇನ್ನೊಂದು ಗಂಟು ಬಿದ್ದಿದೆ: ಒಂದೇ ಸಿನಿಮಾದ ಯಾವ ಪ್ರತಿ? 1992ರ ‘ದಿ ಮಪೆಟ್ ಕ್ರಿಸ್‌ಮಸ್ ಕ್ಯಾರಲ್’ ನೋಡಿದ ಕೆಲವರಿಗೆ ಅದರ ಒಂದು ವಿರಹದ ಹಾಡು ಬಾಯಿಪಾಠ. ಇನ್ನು ಕೆಲವರು ಅಂಥ ಹಾಡೇ ಇಲ್ಲ ಎಂದು ವಾದಿಸುತ್ತಾರೆ. ಇಬ್ಬರೂ ಹೇಳುವುದು ನಿಜ.

ಚಾರ್ಲ್ಸ್ ಡಿಕನ್ಸ್‌ನ ಈ ಕಿರು ಕಾದಂಬರಿ ಲಂಡನ್ನಿನಲ್ಲಿ ಹೊರಬಂದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬಕ್ಕೆ ಮುಂಚೆಯೇ ಖಾಲಿಯಾದವು. ಜಿಪುಣ ಸ್ಕ್ರೂಜ್, ಸತ್ತ ಪಾಲುದಾರ ಮಾರ್ಲಿಯ ಪ್ರೇತ, ಅವನನ್ನು ತಿದ್ದಲು ಬರುವ ಮೂರು ಆತ್ಮಗಳು ಎಲ್ಲರಿಗೂ ಗೊತ್ತು. ನಡುವೆ ಬೆಲ್ ಎಂಬ ಹುಡುಗಿ ಬರುತ್ತಾಳೆ. ಮದುವೆಯಾಗಬೇಕಿದ್ದ ಯುವಕ ಸ್ಕ್ರೂಜ್‌ಗೆ ತನಗಿಂತ ದುಡ್ಡೇ ಹೆಚ್ಚಾಯಿತೆಂದು ತಿಳಿದು, ಕೊಟ್ಟ ಮಾತಿನಿಂದ ಅವನನ್ನು ಬಿಡಿಸಿ ಹೊರಟುಹೋಗುತ್ತಾಳೆ. ಪುಸ್ತಕದಲ್ಲಿ ಅವಳಿಗಿರುವುದು ಕೆಲವೇ ಪುಟ. ಆದರೆ ಸ್ಕ್ರೂಜ್ ಏನನ್ನು ಕಳೆದುಕೊಂಡ ಎಂಬುದು ಗೊತ್ತಾಗುವುದು ಅಲ್ಲೇ. ಸಿನಿಮಾದವರಿಗೆ ತೊಡಕಾಗುವುದೂ ಅಲ್ಲೇ.

1901ರ ಬ್ರಿಟಿಷ್ ಮೂಕಿಯಿಂದ 1935ರ ಪೂರ್ಣಾವಧಿ ಟಾಕಿಯವರೆಗೆ ಕತೆ ಹಲವು ಬಾರಿ ತೆರೆಗೆ ಬಂತು. 1938ರಲ್ಲಿ ಹಾಲಿವುಡ್‌ನ ಎಂಜಿಎಂ ಸಂಸ್ಥೆ ತೆಗೆದ 69 ನಿಮಿಷದ ಚಿತ್ರ ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಅದರಲ್ಲಿ ಬೆಲ್ ಇಲ್ಲ. ‘ಅಜ್ಞಾನ’, ‘ಅಭಾವ’ ಎಂಬ ಹೆಸರಿನ, ಪುಸ್ತಕದಲ್ಲಿ ಬರುವ ಎಲುಬುಗೂಡಿನಂಥ ಮಕ್ಕಳಿಬ್ಬರೂ ಇಲ್ಲ. 1951ರಲ್ಲಿ ಬ್ರಿಟನ್ನಿನ ಆಲಸ್ಟೇರ್ ಸಿಮ್ ನಟಿಸಿದ ‘ಸ್ಕ್ರೂಜ್’ ಇದಕ್ಕೆ ತದ್ವಿರುದ್ಧ. ಹುಡುಗಿಗೆ ಆಲಿಸ್ ಎಂದು ಹೆಸರು ಬದಲಿಸಿದರೂ ಅವಳ ಪಾತ್ರವನ್ನು ಬೆಳೆಸಿದರು. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನವರು ಹಬ್ಬಕ್ಕೆ ಇದು ತೀರಾ ಘೋರವಾಯಿತೆಂದು ಚಿತ್ರ ತೋರಿಸುವುದರಿಂದ ಹಿಂದೆ ಸರಿದರು. ಮುಂದೆ ಟಿವಿಯಲ್ಲಿ ವರ್ಷ ವರ್ಷ ಬಂದು ಬಂದು, ಇವತ್ತು ಅತ್ಯುತ್ತಮ ಸ್ಕ್ರೂಜ್ ಯಾರೆಂದರೆ ಬಹುಮಂದಿ ಮೊದಲು ಹೇಳುವುದು ಸಿಮ್ ಹೆಸರನ್ನೇ. ಅದರ ಸಂಕಲನಕಾರ ಕ್ಲೈವ್ ಡಾನರ್ 1984ರಲ್ಲಿ ಜಾರ್ಜ್ ಸಿ. ಸ್ಕಾಟ್‌ ಅವರನ್ನು ಹಾಕಿಕೊಂಡು ತಾನೇ ಇದೇ ಕತೆಯನ್ನು ನಿರ್ದೇಶಿಸಿದ. ಅದಕ್ಕೂ ಭಕ್ತರು ಕಡಿಮೆಯಿಲ್ಲ.

ಇನ್ನು ಮಪೆಟ್ ಗೊಂಬೆಗಳು. ಅವನ್ನು ಹುಟ್ಟಿಸಿದ ಜಿಮ್ ಹೆನ್ಸನ್ 1990ರಲ್ಲಿ ತೀರಿಕೊಂಡ ಮೇಲೆ ಮಗ ಬ್ರಯಾನ್ ನಿರ್ದೇಶಿಸಿದ ಚಿತ್ರ ಇದು. ಸುತ್ತ ಕಪ್ಪೆ, ಹಂದಿ, ಇಲಿಗಳಿದ್ದರೂ ಸ್ಕ್ರೂಜ್ ಪಾತ್ರದ ಮೈಕಲ್ ಕೇನ್ ಒಂದು ಗಳಿಗೆಯೂ ತಮಾಷೆಗಿಳಿಯದೆ, ಎದುರಿಗಿರುವವರೆಲ್ಲ ಮನುಷ್ಯರೇ ಎಂಬಂತೆ ಅಭಿನಯಿಸುತ್ತಾರೆ. ಚಿತ್ರ ನಿಂತಿರುವುದೇ ಅದರ ಮೇಲೆ. ಬಿಟ್ಟುಹೋಗುವ ಮುನ್ನ ಬೆಲ್ ‘ವೆನ್ ಲವ್ ಈಸ್ ಗಾನ್’ ಹಾಡುತ್ತಾಳೆ. ಹಾಡಿನ ಕೊನೆಗೆ, ಆತ್ಮದ ಜೊತೆ ಬಂದು ತನ್ನ ಗತಕಾಲವನ್ನು ಹಿಂದೆ ನಿಂತು ನೋಡುತ್ತಿದ್ದ ಮುದುಕ ಸ್ಕ್ರೂಜ್ ಒಡೆದ ದನಿಯಲ್ಲಿ ತಾನೂ ಸೇರಿಕೊಳ್ಳುತ್ತಾನೆ.

ಪುಟ್ಟ ಮಕ್ಕಳು ಈ ಹಾಡಿಗೆ ಚಡಪಡಿಸುತ್ತಾರೆ ಎಂಬ ಕಾರಣಕ್ಕೆ ಥಿಯೇಟರ್ ಪ್ರತಿಯಿಂದ ಅದನ್ನು ತೆಗೆದರು. ಮಕ್ಕಳು ಚಡಪಡಿಸುವುದು ಸುಳ್ಳಲ್ಲ. ಇಂಥ ಹಾಡು ಬಂದಾಗ ನೀರು ಕುಡಿಯಲು ಎದ್ದು ಹೋಗದ ಮಗು ಯಾವ ಮನೆಯಲ್ಲಿದೆ? ಆದರೆ ನಷ್ಟ ಒಂದು ಹಾಡಿನದಷ್ಟೇ ಅಲ್ಲ. ಬೆಲ್ ಎರಡು ಮಾತಾಡಿ ಹೊರಟುಬಿಡುತ್ತಾಳೆ, ಮರುಕ್ಷಣವೇ ರಿಜೊ ಎಂಬ ಇಲಿ ಗೊಂಬೆ ಬಿಕ್ಕಿಬಿಕ್ಕಿ ಅಳುತ್ತಿರುತ್ತದೆ. ಇದಕ್ಕೇಕೆ ಇಷ್ಟು ಅಳು ಎಂದು ಹೊಸಬರಿಗೆ ಅನಿಸದೆ ಇರದು. ಚಿತ್ರದ ಕೊನೆಯಲ್ಲಿ ಎಲ್ಲರೂ ಸೇರಿ ಹಾಡುವ ಹಾಡಿನ ಧಾಟಿಯೂ ಇದೇ: ಹೋದ ಪ್ರೀತಿ ಸಿಕ್ಕಿತು ಎಂದು. ಮೊದಲಿನದು ಕೇಳದವರಿಗೆ ಅದು ಇನ್ನೊಂದು ಹಬ್ಬದ ಹಾಡು, ಅಷ್ಟೇ.

ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ ಹಾಡು ಉಳಿದುಕೊಂಡಿತ್ತು. ಗೊಂದಲದ ಮೂಲ ಇದೇ: ಕ್ಯಾಸೆಟ್ಟಿನಲ್ಲಿ ನೋಡಿದವರ ಸಿನಿಮಾ ಬೇರೆ, ಥಿಯೇಟರಿನಲ್ಲಿ ನೋಡಿದವರದು ಬೇರೆ. ಆಮೇಲೆ ಒಳ್ಳೆಯ ಗುಣಮಟ್ಟದ ಪ್ರತಿ ತೆಗೆಯಹೊರಟಾಗ ಹಾಡಿನ ಮೂಲ ಫಿಲ್ಮೇ ಸಿಗಲಿಲ್ಲ. ಅದು ಸಿಕ್ಕ ಸುದ್ದಿ ಬಂದದ್ದು 2020ರಲ್ಲಿ.

ಈ ನಡುವೆ 2009ರಲ್ಲಿ ಜಿಮ್ ಕ್ಯಾರಿಯ ಕಂಪ್ಯೂಟರ್ ಅನಿಮೇಷನ್ನಿನ ಸ್ಕ್ರೂಜ್ ಬಂದ. 2019ರಲ್ಲಿ ಬಿಬಿಸಿಯ ಮೂರು ಕಂತಿನ ಸರಣಿ ಬಂತು. ಅದರಲ್ಲಿ ಕತ್ತಲೆ ಬೇಕಾದಷ್ಟಿದೆ, ಹಬ್ಬವೇ ಕಾಣುವುದಿಲ್ಲ.

2022ರ ಡಿಸೆಂಬರಿನಲ್ಲಿ ಮಪೆಟ್ ಚಿತ್ರದ ಪೂರ್ಣ ಪ್ರತಿ ಡಿಸ್ನಿ ಪ್ಲಸ್‌ಗೆ ಸೇರಿತು. ಆದರೆ ಅದನ್ನು ಇಟ್ಟದ್ದು ‘ಎಕ್ಸ್‌ಟ್ರಾಸ್’ ವಿಭಾಗದಲ್ಲಿ. ಸುಮ್ಮನೆ ಪ್ಲೇ ಒತ್ತಿದವರಿಗೆ ಸಿಕ್ಕಿದ್ದು ಹಾಡಿಲ್ಲದ ಪ್ರತಿಯೇ.