ತಲೆಗೆ ಪೆಟ್ಟು ಬಿದ್ದ ಮಾಜಿ ಸೈನಿಕರನ್ನು ಧ್ಯಾನದ ಕ್ಲಾಸಿಗೆ ಕಳಿಸಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಮಿಲಿಟರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಈಗ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ. ನಾಲ್ಕು ತಿಂಗಳ ಹಿಂದೆ ನೈಟ್ ಶಿಫ್ಟ್ ಮುಗಿಸಿ ಬರುವಾಗ ಹಂಪ್ ಕಾಣದೆ ಬೈಕಿನಿಂದ ಬಿದ್ದರು. ಹೆಲ್ಮೆಟ್ ಇತ್ತು, ಸ್ಕ್ಯಾನ್ ನಾರ್ಮಲ್ ಬಂತು. ಆದರೆ ಅವತ್ತಿನಿಂದ ತಲೆನೋವು, ನಿದ್ದೆ ಇಲ್ಲ, ಇಟ್ಟ ಸಾಮಾನು ಮರೆಯುತ್ತಾರೆ, ಮಕ್ಕಳು ಟಿವಿ ಸ್ವಲ್ಪ ಜೋರು ಮಾಡಿದರೂ ಕೂಗಾಡುತ್ತಾರೆ. ಸರ್ವಿಸ್‌ನಲ್ಲಿದ್ದಾಗ ಕಾಶ್ಮೀರದಲ್ಲಿ ಒಂದು ಸಲ ಗಾಡಿ ಪಕ್ಕದಲ್ಲೇ ಬಾಂಬ್ ಸಿಡಿದು ಎರಡು ದಿನ ಕಿವಿ ಕೇಳಿಸಿರಲಿಲ್ಲವಂತೆ. ಎಲ್ಲರೂ ಯೋಗ, ಧ್ಯಾನದ ಕ್ಲಾಸಿಗೆ ಹಾಕಿ ಅಂತಾರೆ. ಹಾಕಬಹುದಾ? ಏನೂ ತೊಂದರೆ ಆಗಲ್ವಾ?
– ಬಂಗಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ಹಾಕಬಹುದು ಅಕ್ಕಾ. ಆದರೆ ಮೊದಲು ಡಾಕ್ಟರಿಗೆ ಇನ್ನೊಂದು ಸಲ ತೋರಿಸಿ. ಆಮೇಲೆ ಕ್ಲಾಸ್. ಅದೂ ಸಿಕ್ಕಿದ ಕ್ಲಾಸ್ ಅಲ್ಲ, ಅವರ ತಲೆಗೆ ಹೊಂದುವ ಕ್ಲಾಸ್.

ಸ್ಕ್ಯಾನ್ ನಾರ್ಮಲ್ ಅಂದಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುತ್ತದೆ. ರಿಪೋರ್ಟಿನಲ್ಲಿ ಏನೂ ಇಲ್ಲ, ಹಾಗಾದರೆ ಇವರು ನಾಟಕ ಮಾಡ್ತಿದ್ದಾರೆ, ಇಲ್ಲಾ ಕೆಲಸಕ್ಕೆ ಹೋಗೋಕೆ ಸೋಮಾರಿತನ ಅಂತ ನೆಂಟರು ಮಾತಾಡ್ತಾರೆ. ನಿಜ ಏನೆಂದರೆ, ಕನ್ಕಷನ್ ಅಂತ ಡಾಕ್ಟರು ಹೇಳುವ ಪೆಟ್ಟಿನಲ್ಲಿ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಆ ಸ್ಕ್ಯಾನ್ ಮಾಡುವುದೇ ಒಳಗೆ ರಕ್ತ ಸೋರಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ನೋಡಲು. ಮಿದುಳು ಜೋರಾಗಿ ಕುಲುಕಿದಾಗ ಅದರ ನರತಂತುಗಳ ಕೆಲಸ ಏರುಪೇರಾಗುತ್ತದಲ್ಲ, ಅದು ಆ ಚಿತ್ರದಲ್ಲಿ ಬರುವುದಿಲ್ಲ. ಕಾಲು ಉಳುಕಿದಾಗ ಎಕ್ಸ್‌ರೇಯಲ್ಲಿ ಏನೂ ಕಾಣಲ್ಲ, ಆದರೆ ಕಾಲು ಊರೋಕೂ ಆಗಲ್ಲ, ಅಲ್ವಾ? ಹಾಗೇ ಇದು. ಹೆಲ್ಮೆಟ್ ಬುರುಡೆಯನ್ನು ಉಳಿಸಿದೆ, ಬಹುಶಃ ಜೀವವನ್ನೂ. ಒಳಗಿನ ಕುಲುಕಾಟವನ್ನು ಪೂರ್ತಿ ತಡೆಯಲು ಅದರಿಂದ ಆಗುವುದಿಲ್ಲ.

ನೀವು ಬರೆದ ಕಾಶ್ಮೀರದ ವಿಷಯ ತುಂಬಾ ಮುಖ್ಯ. ಹತ್ತಿರದಲ್ಲಿ ಸ್ಫೋಟ ಆದಾಗ ಗಾಳಿಯ ಒತ್ತಡದ ಅಲೆಯೇ ಮಿದುಳಿಗೆ ಪೆಟ್ಟು ಕೊಡಬಲ್ಲದು, ತಲೆ ಎಲ್ಲಿಗೂ ಬಡಿಯಬೇಕಾಗಿಲ್ಲ. ಅಂದರೆ ಬೈಕಿನಿಂದ ಬಿದ್ದಿದ್ದು ಅವರಿಗೆ ಎರಡನೇ ಪೆಟ್ಟು ಇರಬಹುದು. ಮೊದಲೇ ಪೆಟ್ಟು ತಿಂದ ತಲೆ ಸುಧಾರಿಸಿಕೊಳ್ಳಲು ಜಾಸ್ತಿ ದಿನ ತೆಗೆದುಕೊಳ್ಳಬಹುದು. ಬೈಕಿನಿಂದ ಬಿದ್ದಾಗ ನೋಡಿದ ಡಾಕ್ಟರಿಗೆ ಈ ಸ್ಫೋಟದ ವಿಷಯ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ ಅನಿಸುತ್ತದೆ. ಫೌಜಿನಲ್ಲಿದ್ದವರು ಇಂಥದ್ದನ್ನು ಗಾಯದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಕ್ತ ಬಂದಿಲ್ಲ, ಮೂಳೆ ಮುರಿದಿಲ್ಲ, ಮತ್ತೆ ಡ್ಯೂಟಿಗೆ ಹೋದೆ, ಅಷ್ಟೇ.

ಹೆಚ್ಚಿನವರು ಕೆಲವೇ ವಾರಗಳಲ್ಲಿ, ತಡವಾದರೂ ಮೂರು ತಿಂಗಳ ಒಳಗೆ ಸರಿಹೋಗುತ್ತಾರೆ. ನಿಮ್ಮವರಿಗೆ ನಾಲ್ಕು ತಿಂಗಳಾಗಿದೆ. ಅದಕ್ಕೇ ಇನ್ನೊಂದು ಸಲ ತೋರಿಸಿ ಅಂತಿದ್ದೇನೆ. ದಿನ ಕಳೆದಂತೆ ತಲೆನೋವು ಹೆಚ್ಚಾಗುತ್ತಿದ್ದರೆ, ವಾಂತಿ, ಫಿಟ್ಸ್, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರ ಆಗದಿರುವುದು ಇದ್ದರೆ ಕ್ಲಾಸೂ ಬೇಡ, ಬೆಳಿಗ್ಗೆವರೆಗೆ ಕಾಯುವುದೂ ಬೇಡ. 108ಕ್ಕೆ ಫೋನ್ ಮಾಡಿ. ವಯಸ್ಸಾದವರಿಗೆ, ಕುಡಿತದ ಅಭ್ಯಾಸ ಇರುವವರಿಗೆ, ಹಾರ್ಟ್ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿದ್ದು ಎಷ್ಟೋ ವಾರಗಳಾದ ಮೇಲೂ ಮಿದುಳಿನ ಮೇಲೆ ನಿಧಾನವಾಗಿ ರಕ್ತ ಕಟ್ಟಬಹುದು. ಮೊದಲ ದಿನದ ಸ್ಕ್ಯಾನ್ ನಾರ್ಮಲ್ ಇದ್ದರೂ ಇದು ಆಗಬಹುದು. ಇನ್ನೊಂದು ಮಾತು. ತಲೆನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ತಂದು ದಿನಾ ನುಂಗುತ್ತಿದ್ದರೆ ಅದನ್ನೂ ಹೇಳಿ. ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು.

ಈಗ ಕ್ಲಾಸಿನ ವಿಷಯಕ್ಕೆ ಬರೋಣ.

ಇದರ ಬಗ್ಗೆ ಜಾಸ್ತಿ ಕೆಲಸ ಆಗಿರುವುದು ಅಮೆರಿಕದಲ್ಲಿ. ಅಲ್ಲಿ 2000ದಿಂದ ಈಚೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಮಿದುಳಿನ ಪೆಟ್ಟು ಆಗಿರುವುದು ದಾಖಲಾಗಿದೆ, ಅದರಲ್ಲಿ ಬಹುಪಾಲು ಇದೇ ಕನ್ಕಷನ್. ಅವರ ಆಸ್ಪತ್ರೆಗಳಲ್ಲಿ ಔಷಧಿ, ಫಿಸಿಯೋಥೆರಪಿ ಜೊತೆಗೇ ಯೋಗ, ಯೋಗನಿದ್ರೆ, ಧ್ಯಾನವನ್ನೂ ಇಟ್ಟಿದ್ದಾರೆ. ಧ್ಯಾನದ ಎಂಟು ವಾರದ ಒಂದು ಕ್ರಮ ಅಲ್ಲಿ ತುಂಬಾ ಬಳಕೆಯಲ್ಲಿದೆ. 1979ರಲ್ಲಿ ಜಾನ್ ಕಬಟ್-ಝಿನ್ ಎಂಬುವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಶುರು ಮಾಡಿದ್ದು. ಇದನ್ನು ಮಿನಿಯಾಪೊಲಿಸ್‌ನಲ್ಲಿ 116 ಮಾಜಿ ಸೈನಿಕರ ಮೇಲೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಯುದ್ಧದ ನೆನಪು, ಬೆಚ್ಚಿಬೀಳುವುದು, ನಿದ್ದೆಗೆಡುವುದು ಇಂಥ ತೊಂದರೆ ಇದ್ದವರು ಅವರು. ಧ್ಯಾನ ಕಲಿತವರು ತಮಗೆ ಕಷ್ಟ ಕಡಿಮೆಯಾಗಿದೆ ಅಂದರು, ಆದರೆ ಕಾಯಿಲೆಯೇ ಹೋಯಿತು ಅನ್ನುವಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಲೆಪೆಟ್ಟಿನವರ ಮೇಲೆ ನಡೆದಿರುವುದು ಹೆಚ್ಚಾಗಿ ಸಣ್ಣ ಸಣ್ಣ ಅಧ್ಯಯನಗಳು. ದಣಿವು, ಮನಸ್ಸಿನ ಕುಗ್ಗುವಿಕೆ ಸ್ವಲ್ಪ ಇಳಿದಿರುವುದು ಅವುಗಳಲ್ಲಿ ಕಂಡಿದೆ.

ಹಾಗಾಗಿ ಕ್ಲಾಸಿಗೆ ಹೋದರೆ ಮರೆವು ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿದ್ದೆ, ಸಿಟ್ಟು, ಸಣ್ಣ ಶಬ್ದಕ್ಕೂ ಮೈಯೆಲ್ಲ ಬಿಗಿಯುವುದು, ಇವು ಹಿಡಿತಕ್ಕೆ ಬರಬಹುದು. ನಿದ್ದೆ ಸರಿಹೋದರೆ ತಲೆನೋವೂ ಮರೆವೂ ಎಷ್ಟೋ ಸಲ ತಾವಾಗಿಯೇ ಇಳಿಯುತ್ತವೆ. ಅಷ್ಟು ಸಿಕ್ಕರೂ ಮನೆ ಬದಲಾಗುತ್ತದೆ.

ಆದರೆ ನಮ್ಮ ಕಡೆಯ ಕ್ಲಾಸುಗಳು ಹೇಗಿರುತ್ತವೆ ಗೊತ್ತಲ್ಲ? ಬೆಳಿಗ್ಗೆ ಐದೂವರೆಗೆ ಕಲ್ಯಾಣ ಮಂಟಪ, ನೂರು ಜನ, ಮೈಕು, ಟ್ಯೂಬ್‌ಲೈಟು. ಮೊದಲ ದಿನವೇ ಕಪಾಲಭಾತಿ, ಭಸ್ತ್ರಿಕಾ. ತಲೆಗೆ ಪೆಟ್ಟು ಬಿದ್ದವರಿಗೆ ಇದು ಬೇಡ. ಉಸಿರನ್ನು ಜೋರು ಜೋರಾಗಿ ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಗಟ್ಟಿಮುಟ್ಟಾಗಿರುವವರಿಗೇ ಅದರಿಂದ ತಲೆ ತಿರುಗುತ್ತದೆ. ಶೀರ್ಷಾಸನ, ಸರ್ವಾಂಗಾಸನ, ತಲೆ ಕೆಳಗೆ ಬರುವ ಯಾವುದೂ ಬೇಡ, ಕತ್ತನ್ನು ಗಿರ್ರನೆ ಸುತ್ತಿಸುವುದೂ ಬೇಡ. ಉಸಿರು ಹಿಡಿದಿಡುವುದನ್ನು ಡಾಕ್ಟರ್ ಒಪ್ಪುವ ತನಕ ಬಿಡಿ. ಸೂರ್ಯನಮಸ್ಕಾರವನ್ನು ಸೈನಿಕರು ಪಿ.ಟಿ. ಥರ ಲೆಕ್ಕ ಹಾಕಿ ಬಡಬಡ ಮಾಡುತ್ತಾರೆ, ಅದರಲ್ಲಿ ತಲೆ ಮೇಲೆ ಕೆಳಗೆ ಎಷ್ಟು ಸಲ ಆಗುತ್ತೆ ನೋಡಿ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಮನಸ್ಸಿಗೆ ಶಾಂತಿ ಸಿಗುತ್ತೆ ಅನ್ನುವವರೂ ಇರುತ್ತಾರೆ. ತಲೆಸುತ್ತು ಇದ್ದರೆ ಅದು ನಿಂತ ಮೇಲೆ ಹತ್ತಲಿ, ಈಗ ಸಮತಟ್ಟಾದ ಜಾಗದಲ್ಲಿ ಹೆಂಡತಿ ಜೊತೆ ನಡೆಯಲಿ. ಸುಮ್ನೆ ಮಲಗಿಸಿಯೂ ಇಡಬೇಡಿ. ಪೆಟ್ಟು ಬಿದ್ದ ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೈ ತಡೆದುಕೊಳ್ಳುವಷ್ಟು ಚಟುವಟಿಕೆ ಅನ್ನುವುದು ಈಗಿನ ವೈದ್ಯರ ಕ್ರಮ.

ಕೋಲಾರದ ಒಂದು ಕ್ಲಾಸಿನಲ್ಲಿ ನಾನೇ ನೋಡಿದ್ದು ಹೇಳುತ್ತೇನೆ. ಒಬ್ಬ ರಿಟೈರ್ಡ್ ಸುಬೇದಾರ್ ಯಾವಾಗಲೂ ಹಿಂದೆ, ಬಾಗಿಲ ಪಕ್ಕ, ಬೆನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದರು. ಎಲ್ಲರೂ ಕಣ್ಣು ಮುಚ್ಚಿದರೂ ಅವರು ಮುಚ್ಚುತ್ತಿರಲಿಲ್ಲ. ಒಂದು ದಿನ ಯಾರೋ ಕಬ್ಬಿಣದ ಕುರ್ಚಿ ಎಳೆದರು. ಅವರು ಎದ್ದು ನಿಂತೇಬಿಟ್ಟರು, ಎರಡೂ ಕೈ ಮುಷ್ಟಿ, ಹಣೆಯಲ್ಲಿ ಬೆವರು. ಕಲಿಸುತ್ತಿದ್ದ ಮೇಡಂ ಏನಾಯಿತು ಅಂತ ಕೇಳಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ, "ಸರ್, ಬಾಗಿಲ ಹತ್ತಿರವೇ ಕೂರಿ, ಕಣ್ಣು ಮುಚ್ಚೋದು ಬೇಡ, ಬೇಕಾದಾಗ ಎದ್ದು ಹೋಗಿ, ಯಾರೂ ಕೇಳಲ್ಲ" ಅಂದರು. ಆಮೇಲೆ ಕುರ್ಚಿ ಕಾಲುಗಳಿಗೆಲ್ಲ ರಬ್ಬರ್ ಹಾಕಿಸಿದರು. ಸುಬೇದಾರರು ಕ್ಲಾಸ್ ಬಿಡಲಿಲ್ಲ. ಇಂಥ ಮೇಷ್ಟ್ರು ಸಿಕ್ಕರೆ ಬಿಡಬೇಡಿ. ಕಣ್ಣು ಮುಚ್ಚಿದಾಗ ಕೆಲವರಿಗೆ ಹಳೆಯದೆಲ್ಲ ಎದುರಿಗೆ ಬಂದು ನಿಲ್ಲುತ್ತದೆ. ಕಿವಿಯೊಳಗಿನ ಸಮತೋಲನ ಕೆಟ್ಟವರಿಗೆ ಕಣ್ಣು ಮುಚ್ಚಿದರೆ ಜಾಸ್ತಿ ತೂರಾಡುವ ಹಾಗಾಗುತ್ತದೆ. ಬಲವಂತವಾಗಿ ಕಣ್ಣು ಮುಚ್ಚಿಸುವ ಕ್ಲಾಸ್ ನಿಮ್ಮವರಿಗಲ್ಲ.

ಕ್ಲಾಸ್ ಸಿಗುವ ತನಕ ಮನೆಯಲ್ಲೇ ಇದನ್ನು ಶುರು ಮಾಡಬಹುದು. ಬೆನ್ನಿಗೆ ಆಸರೆ ಇರುವ ಕುರ್ಚಿ, ಮಂದ ಬೆಳಕು, ಮೊಬೈಲ್ ಬೇರೆ ರೂಮಿನಲ್ಲಿ. ಎರಡೂ ಪಾದ ನೆಲಕ್ಕೆ ಊರಿ ಕೂರಲಿ, ಕಣ್ಣು ನೆಲದ ಒಂದು ಜಾಗದ ಮೇಲೆ ಇರಲಿ. ನೆಲ ತಣ್ಣಗಿದೆಯಾ, ಹಿಮ್ಮಡಿ ಎಲ್ಲಿ ತಾಗುತ್ತಿದೆ, ಹೆಬ್ಬೆರಳು ಎಲ್ಲಿ ತಾಗುತ್ತಿದೆ ಅಂತ ಗಮನಿಸಲಿ. ಆಮೇಲೆ ಉಸಿರು. ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಸ್ವಲ್ಪ ಉದ್ದವಾಗಲಿ, ಒತ್ತಾಯ ಬೇಡ. ಐದು ನಿಮಿಷ ಸಾಕು. ತಲೆ ಭಾರ ಆದರೆ ಎರಡೇ ನಿಮಿಷಕ್ಕೆ ನಿಲ್ಲಿಸಲಿ, ಏಳುವಾಗ ನಿಧಾನ. ಸಿಟ್ಟು ನೆತ್ತಿಗೇರುವ ಮುಂಚೆ ಪಾದ ನೆಲಕ್ಕೆ ಒತ್ತುವ ಅಭ್ಯಾಸ ಬಂದರೆ ಅದೇ ದೊಡ್ಡ ಲಾಭ, ಆ ಒಂದು ಕ್ಷಣ ಸಿಕ್ಕರೆ ಮಕ್ಕಳ ಮೇಲೆ ಕೂಗುವ ಬದಲು ಎದ್ದು ಹಿತ್ತಿಲಿಗೆ ಹೋಗಬಹುದು.

ಎಲ್ಲಿಗೆ ಹೋಗಬೇಕು ಅಂತೀರಾ? ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಮೊದಲು ನಿಮ್ಮ ಪಾಲಿಕ್ಲಿನಿಕ್, ಅಲ್ಲಿಂದ ನರರೋಗ ತಜ್ಞರಿಗೆ ರೆಫರ್ ಮಾಡಿಸಿಕೊಳ್ಳಿ. ಕಾರ್ಡ್ ಇಲ್ಲದಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋರೋಗ, ಪುನಶ್ಚೇತನ, ಯೋಗ ಎಲ್ಲವೂ ಒಂದೇ ಆವರಣದಲ್ಲಿವೆ, ನಿಮಗೆ ಬಂಗಾರಪೇಟೆಯಿಂದ ರೈಲೂ ಇದೆ. ತುಮಕೂರು, ಚಿಕ್ಕಬಳ್ಳಾಪುರದ ಓದುಗರೂ ಇದೇ ದಾರಿ ಹಿಡಿಯಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ಬಗ್ಗೆ ವಿಚಾರಿಸಿ. ಬದುಕು ಸಾಕು ಅನ್ನುವ ಮಾತು ಅವರ ಬಾಯಿಂದ ಒಂದು ಸಲ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಿಲಿಟರಿ ಕ್ಯಾಂಟೀನ್ ರಮ್ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ನಿದ್ದೆಗೆ ಅಂತ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಪೂರ್ತಿ ನಿಲ್ಲಬೇಕು. ಕುಡಿದು ಬರುವ ನಿದ್ದೆ ನಡುರಾತ್ರಿಗೆ ಒಡೆಯುತ್ತದೆ, ಪೆಟ್ಟಾದ ಮಿದುಳಿಗೆ ಅದು ವಿಷ. ದಿನಾ ಕುಡಿಯುವವರಾದರೆ ಒಮ್ಮೆಗೇ ಬಿಡಿಸಬೇಡಿ, ಡಾಕ್ಟರಿಗೆ ಹೇಳಿ ಬಿಡಿಸಿ. ತಲೆಸುತ್ತು ಹೋಗುವ ತನಕ ಬೈಕ್ ಬೇಡ. ಮೂರನೇ ಪೆಟ್ಟು ಬೀಳುವುದು ಬೇಡ.

ಅವರು ಬರಲ್ಲ, ನನಗೇನಾಗಿದೆ ಅಂತಾರೆ. ಗೊತ್ತು. ನೀವು ಹೇಳಿದರೆ ಕೇಳದಿದ್ದರೂ ಅವರ ಜೊತೆ ಸರ್ವಿಸ್ ಮಾಡಿದ ಒಬ್ಬರು ಹೇಳಿದರೆ ಕೇಳುತ್ತಾರೆ. ನಿಮ್ಮ ಊರಿನ ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಿ, ಇದೇ ಕಷ್ಟ ಇರುವ ಇನ್ನೂ ನಾಲ್ಕು ಜನ ಇರುತ್ತಾರೆ. ಅವರನ್ನೆಲ್ಲ ಸೇರಿಸಿ ಒಬ್ಬ ಯೋಗ ಮೇಷ್ಟ್ರನ್ನು ಒಪ್ಪಿಸಿದರೆ, ಮೈಕಿಲ್ಲದ ಒಂದು ಸಣ್ಣ ಕ್ಲಾಸ್ ಅಲ್ಲೇ ಶುರುವಾಗಬಹುದು.

ಈ ವಾರ ಎರಡು ಕೆಲಸ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆಯಿರಿ: ಎಷ್ಟು ಹೊತ್ತಿಗೆ ಮಲಗಿದರು, ಯಾವಾಗ ಎದ್ದರು, ತಲೆನೋವು ಯಾವಾಗ ಬಂತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು, ಎಷ್ಟು ಮಾತ್ರೆ ನುಂಗಿದರು. ಡಾಕ್ಟರಿಗೆ ಸ್ಕ್ಯಾನ್‌ಗಿಂತ ಇದು ಹೆಚ್ಚು ಹೇಳುತ್ತದೆ. ಇನ್ನೊಂದು, ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಂಡು ಫ್ಯಾಕ್ಟರಿಯಲ್ಲಿ ಡೇ ಶಿಫ್ಟ್ ಕೇಳಿ. ರಾತ್ರಿಯೆಲ್ಲ ಗೇಟಿನಲ್ಲಿ ಲಾರಿ ಹೆಡ್‌ಲೈಟ್ ನೋಡಿಕೊಂಡು ನಿಂತವರಿಗೆ ಬೆಳಿಗ್ಗೆ ಯಾವ ಧ್ಯಾನವೂ ಹತ್ತುವುದಿಲ್ಲ.